ಸೀರೆ ಇಳಿದ ಮೇಲೆಯೇ ಕೊನೆಯ ಅಧ್ಯಾಯ

ಅಕ್ಕಾ,

ನಿನ್ನ ಬಡಾಯಿ ತಮ್ಮ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆಯಲ್ಲಿ ಇಡೀ ಸಾಲೆಗೆ ನನ್ನಷ್ಟು ಚೆಂದ ಓದುವವನು ಇರಲಿಲ್ಲ ಎಂದು ಇಳಕಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಕೂತು ಕೇಳಿದವಳು ನೀನೊಬ್ಬಳೇ.

ಬಾಗಲಕೋಟೆಯ ಹಳೆಪುಸ್ತಕದ ಅಂಗಡಿಯಿಂದ ಮೊದಲ ಕಾದಂಬರಿ ತಂದ ದಿನ ನೆನಪಿದೆಯಾ? ಪ್ರೀತಿಯೂ ಕೊಲೆಯೂ ಇದ್ದ ಪುಸ್ತಕ. ನೀನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತ, ನಾನು ಪಕ್ಕದ ಕಟ್ಟೆಯ ಮೇಲೆ. ಕಥೆ ಬಿಗಿಯಾದರೆ ಲಾಳಿ ನಿಂತುಬಿಡುತ್ತಿತ್ತು. ಅದಕ್ಕೇ ನೀನು ಕಟ್ಟಳೆ ಮಾಡಿದೆ: ಸೀರೆ ಮಗ್ಗದಿಂದ ಇಳಿದ ದಿನವೇ ಕೊನೆಯ ಅಧ್ಯಾಯ. ಕದ್ದು ಓದಬಾರದೆಂದು ನನಗೆ ಬನಶಂಕರಿಯ ಆಣೆ ಬೇರೆ. ಕೊಂದವನು ಯಾರೆಂದು ಮೊದಲ ಪುಟದಲ್ಲೇ ಗೊತ್ತಾಯಿತು ಎಂದು ನಾನೆಂದರೆ, "ಅಷ್ಟ್ ಶಾಣ್ಯಾ ಇದ್ರ, ಹ್ವಾದ ಸಲ ಪಾಪದ ಅಡಿಗಿಯವನ್ನ ಯಾಕ ಹಿಡದಿದ್ದಿ?" ಎಂದು ನೀನು ನಗುತ್ತಿದ್ದೆ.

ಭಾವ ತೀರಿಕೊಂಡ ವರ್ಷ ಮಂದಿಯೆಲ್ಲ ಮಗ್ಗ ಮಾರು ಎಂದರು. ನೀನು ಕುಣಿಗೆ ಇಳಿದು ಕೂತೆ. ಇಂಥ ಕಥೆಗಳ ಹುಚ್ಚು ಯಾಕೆ ಎಂದು ಆಗಲೇ ನಾನು ಕೇಳಿದ್ದೆ. "ಕಥಿಯೊಳಗಿನ ಆಕಿಗೂ ಅಂಜಿಕಿ ಐತೋ. ಅಂಜಕೋತನ ಬಾಗಲಾ ತಗೀತಾಳ," ಎಂದಿದ್ದೆ ನೀನು.

ಕೊನೆಯ ಪುಸ್ತಕದಲ್ಲೂ ಬಾಗಿಲೇ ಬಂತಲ್ಲ. ಪಾಳು ಬಂಗಲೆ, ಒಳಗಿನಿಂದ ನಾಯಕಿ ಪ್ರೀತಿಸಿದವನ ದನಿ. ಅವಳ ತಂದೆಯನ್ನು ಕೊಂದವನು ಅವನೇ ಎಂದು ನನ್ನ ವಾದ. ಕೀಲಿಕೈ ಅವಳ ಮುಷ್ಟಿಯಲ್ಲಿ. ಓಡಿಹೋಗಿ ಯಾರನ್ನಾದರೂ ಕರೆತರುತ್ತಾಳೆ ಎಂದು ನಾನು, ತಾನೇ ತೆಗೆಯುತ್ತಾಳೆ ಎಂದು ನೀನು. ಸೀರೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ನಿನ್ನ ಎದೆ...

ದವಾಖಾನೆಯಲ್ಲಿ, ಆಣೆ ಮುರಿದು ಓದಿಬಿಡಲೇ ಎಂದು ನಾನು ಕೇಳಿದೆ. "ಸೀರಿ ಇಳೀಲಿ," ಎಂದೆ ನೀನು. ನೀನು ಹೋದ ಮೇಲೆ ಇಳಿಸುವವರು ಯಾರಿದ್ದರು, ಅಕ್ಕಾ? ಪುಸ್ತಕ ಟ್ರಂಕು ಸೇರಿತು. ಮಗ್ಗದ ಮೇಲೆ ಧೂಳು ಕೂತಿತು.

ಹೋದ ತಿಂಗಳು ನಿನ್ನ ಮಗಳು ರೇಣುಕಾ, ಮಗ್ಗವೆಂದರೆ ಮೂಗು ಮುರಿಯುತ್ತಿದ್ದವಳು, ಕುಣಿಗೆ ಇಳಿದಳು. ನಿನ್ನ ಕೈ ನಿಂತು ಅವಳ ಕೈ ಶುರುವಾದಲ್ಲಿ ಸೀರೆಯ ಮೇಲೆ ಸಣ್ಣ ಗೆರೆ ಎದ್ದಿದೆ. ಅಂಗಡಿಯವರು ಕೊಳ್ಳುವುದಿಲ್ಲ. ಕೊಡುವವರಾದರೂ ಯಾರು? ಮೊನ್ನೆ ಸೀರೆ ಇಳಿಸಿ ತೊಡೆಯ ಮೇಲಿಟ್ಟುಕೊಂಡು, "ಮಾಮಾ, ಈಗ ಓದು," ಎಂದಳು.

ಓದಿದೆ. ದನಿ ನಡುನಡುವೆ ನಿಂತಿತು, ಕನ್ನಡಕ ಸರಿಯಿಲ್ಲ ಎಂದೆ.

ಬಾಗಿಲು ಅವಳೇ ತೆಗೆದಳು, ಅಕ್ಕಾ. ನೀನು ಅಂದ ಹಾಗೇ, ಅಂಜಿಕೊಂಡೇ ತೆಗೆದಳು. ಒಳಗೆ ಅವನನ್ನು ಕಟ್ಟಿಹಾಕಿದ್ದರು. ಬಿಚ್ಚಿದವಳೂ ಅವಳೇ. ಕೊಂದವನು ನಾನು ಹೇಳಿದವನಲ್ಲ.

ನಾನು ಸೋತೆ. ನೀನು ನಗುವುದನ್ನು ಕಾಯುತ್ತ, ಪುಸ್ತಕ ಮುಚ್ಚದೆ ಸುಮಾರು ಹೊತ್ತು ಕೂತಿದ್ದೆ.