ಯಾರೂ ಮಾಡಲಿಲ್ಲವಂತೆ

ತಾ. 9 ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಗಳೂ ಕೈ ಸೇರಿವೆ. ಉತ್ತರ ಬರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ‘ನಾವೆಲ್ಲ ಕ್ಷೇಮ’ ಎಂದು ಶುರು ಮಾಡಬೇಕಲ್ಲ, ಪೆನ್ನು ಅಲ್ಲಿಗೇ ನಿಂತುಬಿಡುತ್ತಿತ್ತು. ಇವತ್ತು ಆ ಮಾತನ್ನು ಬಿಟ್ಟೇ ಬರೆಯುತ್ತಿದ್ದೇನೆ. ನಾವು ಇದ್ದೇವೆ. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಭಾವನ ಮೊಣಕಾಲು ನೋವು ಹೇಗಿದೆ? ಡಾಕ್ಟರು ನಡೆಯಬೇಡಿ ಎಂದರೆ ಬೇಕೆಂದೇ ನಡೆಯುವ ಮನುಷ್ಯ. ನೀನೇ ಗದರಿಸು.

ನಾನು ಮತ್ತೆ ಲಾಂಡ್ರಿ ಕೆಲಸಕ್ಕೆ ಹೋಗುತ್ತಿದ್ದೇನೆ. ಆಸ್ಪತ್ರೆಯ ಬೆಡ್‌ಶೀಟುಗಳನ್ನು ಮಡಿಸಿ ಜೋಡಿಸುವುದು. ಎದುರಿಗೆ ನಿಂತವಳು ಒಂದು ತುದಿ ಹಿಡಿಯುತ್ತಾಳೆ, ನಾನು ಇನ್ನೊಂದು ತುದಿ. ಮೊದಲೆಲ್ಲ ನಮ್ಮಿಬ್ಬರ ಬಾಯಿಗೆ ಬಿಡುವಿರಲಿಲ್ಲ, ಮೇಸ್ತ್ರಿ ಬಂದು ರೇಗುತ್ತಿದ್ದ. ಈಗ ಅವಳು ನನ್ನ ಮುಖ ನೋಡದೆ ಮಡಿಸುತ್ತಾಳೆ. ಅದೂ ಒಳ್ಳೆಯದೇ. ‘ಅತ್ತುಬಿಡು, ಹಗುರಾಗುತ್ತೀಯ’ ಎಂದು ನೀನು ಬರೆದಿದ್ದೆ. ಬಂದರೆ ತಾನೇ ಅಕ್ಕ. ಮೊನ್ನೆ ಪಕ್ಕದ ಮನೆಯಾಕೆ, ಪಾಪ, ಇವರು ಏನೂ ತಿಂದಿರಲಾರರು ಎಂದು ಬ್ರೆಡ್ಡು ತಂದುಕೊಟ್ಟಳು. ಕವರಿನ ಮೇಲೆ ನಮ್ಮ ಮಗ ಕೆಲಸಕ್ಕಿದ್ದ ಅದೇ ಬೇಕರಿಯ ಹೆಸರು. ಅವಳಿಗೆ ಹೊಳೆದಿರಲಿಲ್ಲ. ನಾನು ನೋಡಿದೆ, ನಮ್ಮನೆಯವರೂ ನೋಡಿದರು. ಇಬ್ಬರೂ ಚಹಾದಲ್ಲಿ ಅದ್ದಿಕೊಂಡು ತಿಂದೆವು. ತಿಂದ ಮೇಲೆ ತಟ್ಟೆ ತೊಳೆದಿಟ್ಟೆ.

ನೀನು ಬಂದಾಗ ಮನೆ ತುಂಬ ಜನ. ನಡೆದದ್ದನ್ನು ನಿನ್ನ ಹತ್ತಿರ ಸರಿಯಾಗಿ ಹೇಳಲಾಗಲಿಲ್ಲ. ಆ ಬೇಕರಿಯಲ್ಲಿ ಹಿಟ್ಟು ನಾದುವ ದೊಡ್ಡ ಯಂತ್ರವಿದೆ. ತೊಟ್ಟಿಯಂಥ ಪಾತ್ರೆ, ಅದರೊಳಗೆ ತಿರುಗುವ ಕಬ್ಬಿಣದ ತೋಳು. ಕೆಲಸ ಮುಗಿದ ಮೇಲೆ ಒಬ್ಬ ಒಳಗೆ ಬಗ್ಗಿ ಅಂಟಿದ ಹಿಟ್ಟನ್ನು ಕೆರೆಯಬೇಕು, ಇನ್ನೊಬ್ಬ ಆಚೆ ಸ್ವಿಚ್ಚಿನ ಹತ್ತಿರ ನಿಲ್ಲಬೇಕು. ಸುತ್ತಲಿನ ಬೇರೆ ಯಂತ್ರಗಳ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲವೆಂದು ಹುಡುಗರು ತಮ್ಮಲ್ಲೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಳಗಿರುವವನು ಕೆರೆಯುವ ಪಟ್ಟಿಯಿಂದ ಪಾತ್ರೆಗೆ ಟಕ್ ಟಕ್ ಎಂದು ಬಡಿಯುತ್ತಲೇ ಇರಬೇಕು. ಸದ್ದು ನಿಂತರೆ ಅವನು ಹೊರಗೆ ಬಂದ ಎಂದು ಲೆಕ್ಕ. ಆಮೇಲೆ ನೀರು ಬಿಟ್ಟು ಯಂತ್ರ ತಿರುಗಿಸಿ ತೊಳೆಯುವುದು. ಅವತ್ತು ಒಳಗೆ ಬಗ್ಗಿದ್ದವನು ನಮ್ಮ ಮಗ. ಆಚೆ ನಿಂತಿದ್ದವನು ಅವನ ಜೊತೆಗಾರ. ಊಟಕ್ಕೆ ಕೂತಾಗಲೆಲ್ಲ ಉದ್ದಣ್ಣ ಹಾಗಂದ, ಉದ್ದಣ್ಣ ಹೀಗಂದ ಎನ್ನುತ್ತಿದ್ದನಲ್ಲ, ಅವನೇ. ಮಗನ ಕೈಯಿಂದ ಪಟ್ಟಿ ಜಾರಿರಬೇಕು, ಎತ್ತಿಕೊಳ್ಳಲು ಇನ್ನಷ್ಟು ಬಗ್ಗಿದ್ದಾನೆ. ಸದ್ದು ನಿಂತಿತು. ಉದ್ದಣ್ಣ ಸ್ವಿಚ್ಚು ಒತ್ತಿದ. ಇಷ್ಟೇ ನಡೆದದ್ದು.

ಪ್ರಾರ್ಥನಾ ಮಂದಿರದ ಹಿರಿಯರು ಮನೆಗೆ ಬಂದಿದ್ದರು. ಎಲ್ಲ ದೇವರ ಇಚ್ಛೆ ತಾಯಿ, ಅವನ ದಿನ ಹುಟ್ಟುವಾಗಲೇ ನಿಗದಿಯಾಗಿತ್ತು, ಆ ಹುಡುಗನ ಕೈ ಬರೀ ನೆಪ ಎಂದರು. ನಿನ್ನ ಎರಡು ಕಾಗದಗಳಲ್ಲೂ ಅದೇ ಮಾತಿದೆ.

ಇನ್ನು ನಮ್ಮನೆಯವರ ವಿಚಾರ ನಿನಗೆ ಗೊತ್ತೇ ಇದೆ. ದೇವರಿಲ್ಲ ಎನ್ನುವ ಮನುಷ್ಯ. ನಾನು ಪ್ರಾರ್ಥನೆಗೆ ಕೂತರೆ, ನನ್ನ ಪರವಾಗಿಯೂ ಒಂದು ನಮಸ್ಕಾರ ಹೇಳು, ಅವನು ಇದ್ದರೆ ತಲುಪಲಿ ಎಂದು ಕಾಲೆಳೆಯುತ್ತಿದ್ದರು. ಈ ಸುತ್ತಿನ ಬೇಕರಿ, ಗಿರಣಿಗಳ ಯಂತ್ರ ಕೆಟ್ಟರೆ ಇವರನ್ನೇ ಕರೆಯುತ್ತಾರೆ. ಅದನ್ನೇ ಬಿಚ್ಚಿ ಜೋಡಿಸಿ, ಮನುಷ್ಯನೂ ಅದರ ಹಾಗೇ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಚಕ್ರದ ಒಂದು ಹಲ್ಲು ಇನ್ನೊಂದು ಹಲ್ಲನ್ನು ತಳ್ಳುತ್ತದೆ, ತಳ್ಳಿದ ಮೇಲೆ ಅದು ತಿರುಗದೆ ಇರಲಾರದು. ಉದ್ದಣ್ಣ ಪಾಳಿಯ ಮೇಲೆ ಪಾಳಿ ಮಾಡಿದ್ದ, ನಿದ್ದೆಗೆಟ್ಟಿದ್ದ, ಸದ್ದು ನಿಂತರೆ ಒತ್ತುವುದು ಕೈಗೆ ರೂಢಿಯಾಗಿತ್ತು. ಆ ಗಳಿಗೆಯಲ್ಲಿ ಆ ಕೈ ಬೇರೆ ಏನು ಮಾಡುವುದೂ ಸಾಧ್ಯವಿರಲಿಲ್ಲ ಎಂದು ಇವರ ವಾದ. ವಿಚಾರಣೆಗೆ ಬಂದವರ ಎದುರಿಗೂ ಹಾಗೇ ಹೇಳಿದರು. ಹಿರಿಯರು ಇವರ ಭುಜ ತಟ್ಟಿ, ನಿಮ್ಮದು ದೊಡ್ಡ ಮನಸ್ಸು ಎಂದರು. ಜನ್ಮದಲ್ಲಿ ಒಂದು ಮಾತಿಗೂ ಒಪ್ಪದ ಇಬ್ಬರು ಈ ಒಂದು ಮಾತಿಗೆ ಒಪ್ಪಿಕೊಂಡರು.

ನಾನು ಹೆಚ್ಚು ಓದಿದವಳಲ್ಲ. ಆದರೆ ದೇವರು ನನಗೊಂದು ಮನಸ್ಸು ಕೊಟ್ಟ, ಬೇಕು ಬೇಡ ಎನ್ನುವುದನ್ನು ನನಗೇ ಬಿಟ್ಟ ಎಂದು ನಂಬಿದವಳು. ಇಲ್ಲದಿದ್ದರೆ ದಿನಾ ಕೂತು, ನನ್ನ ತಪ್ಪು ಮನ್ನಿಸು ಎಂದು ಯಾಕೆ ಕೇಳಬೇಕು? ಮಾಡಿಸುವವನೂ ಅವನೇ, ಮನ್ನಿಸುವವನೂ ಅವನೇ ಆದರೆ ನಡುವೆ ನನಗೇನು ಕೆಲಸ? ಒಬ್ಬರು ದೇವರು ಮಾಡಿದ ಎನ್ನುತ್ತಾರೆ, ಒಬ್ಬರು ಚಕ್ರ ತಿರುಗಿತು ಎನ್ನುತ್ತಾರೆ. ನನ್ನ ಮಗ ಸತ್ತಿದ್ದಾನೆ, ಯಾರೂ ಏನೂ ಮಾಡಲಿಲ್ಲವಂತೆ. ಬಟ್ಟೆ ಮಡಿಸುವಾಗಲೂ ಇದೊಂದೇ ಯೋಚನೆ.

ಕಳೆದ ಭಾನುವಾರ ಮಧ್ಯಾಹ್ನ ಉದ್ದಣ್ಣನೇ ಬಂದ. ಹೆಸರಿಗೆ ತಕ್ಕ ಹಾಗಿದ್ದಾನೆ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಗಡ್ಡ ಬೆಳೆದಿತ್ತು. ಇವರು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ನಿನ್ನದೇನೂ ತಪ್ಪಿಲ್ಲಪ್ಪ ಎಂದು ಅದೇ ಪಾಠ ಮೊದಲಿಂದ ಒಪ್ಪಿಸಿದರು. ಅವನು ಹೂಂಗುಟ್ಟುತ್ತಿದ್ದ, ಕಿವಿಗೆ ಹೋದಂತೆ ಕಾಣಲಿಲ್ಲ. ನಾನು ನೀರು ತಂದಿಟ್ಟೆ. ಮುಟ್ಟಲಿಲ್ಲ. ಇವರ ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿದ.

“ಅಮ್ಮ, ಮಾಲೀಕರು ನಿಂದೇನೂ ಇಲ್ಲ ಅಂದ್ರು. ಹಿರಿಯರು ದೇವರ ಇಚ್ಛೆ ಅಂದ್ರು. ಇವರು ಹೀಗಂತಾರೆ. ನೀವಾದ್ರೂ ಹೇಳಿ, ಸ್ವಿಚ್ಚು ಒತ್ತಿದ್ದು ಯಾರು?”

ಅವಳನ್ನ ಯಾಕೆ ಕೇಳ್ತೀಯ, ಅವಳ ಮನಸ್ಸು ಮೊದಲೇ ಸರಿಯಿಲ್ಲ ಎಂದರು ಇವರು.

“ನೀನೇ ಕಣಪ್ಪ” ಅಂದೆ. “ನೀನೇ ಒತ್ತಿದ್ದು. ಒಂದ್ಸಲ ಇಣುಕಿದ್ರೆ ಕಾಣ್ತಿದ್ದ. ಇಣುಕಲಿಲ್ಲ.”

ಇವರು ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ಉದ್ದಣ್ಣ ತಲೆ ಎತ್ತಿದ.

“ಹೌದಮ್ಮ. ಅವತ್ತು ಮನಸ್ಸಿಗೆ ಬಂತು ಕೂಡ. ನೋಡ್ಲಾ ಬೇಡ್ವಾ ಅಂತ. ಸಾಕಾಗಿಹೋಗಿತ್ತು, ಬೇಡ ಅಂತ ಬಿಟ್ಟೆ. ಇದನ್ನ ಹೇಳೋಕೆ ಹೋದ್ರೆ ಯಾರೂ ಕೇಳಿಸ್ಕೊಳ್ತಿಲ್ಲ.”

ಹೇಳಿ ಅತ್ತ. ಅಷ್ಟುದ್ದದ ಮನುಷ್ಯ ಮೈ ಮಡಿಸಿಕೊಂಡು ಅತ್ತ. ಎಲ್ಲರೂ ಸೇರಿ ಅವನನ್ನು ಯಂತ್ರದ ಒಂದು ಬಿಡಿಭಾಗ ಮಾಡಿ ಕೂರಿಸಿದ್ದರು ಅಕ್ಕ, ನನಗೆ ಆಗ ತಿಳಿಯಿತು. ಯಾರೂ ಮಾಡದಿದ್ದರೆ ಯಾರನ್ನೆಂದು ಕ್ಷಮಿಸುವುದು? ಈಗ ಒಬ್ಬ ಸಿಕ್ಕಿದ್ದ. ಮಾಡಿದೆ ಅಂತ ಒಪ್ಕೊಂಡ್ಯಲ್ಲ, ಕ್ಷಮಿಸಿದೀನಿ, ಎದ್ದು ಮುಖ ತೊಳ್ಕೋ ಅಂದೆ. ಹೇಳುವಾಗ ಎದೆಯಲ್ಲಿ ಏನೂ ಅಲುಗಲಿಲ್ಲ. ಆದರೆ ಸುಳ್ಳು ಹೇಳಲಿಲ್ಲ. ಅವನು ಮುಖ ತೊಳೆದು, ನಾನು ತಂದಿಟ್ಟಿದ್ದ ನೀರು ಕುಡಿದು ಹೋದ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ಇನ್ನು ಮೇಲೆ ಕಾಗದದಲ್ಲಿ ‘ಅವನ ಇಚ್ಛೆ’ ಎಂದು ಬರೆಯಬೇಡ. ಹವೆಯ ವಿಚಾರ ಬರೆ, ಮಕ್ಕಳ ಜಗಳದ ವಿಚಾರ ಬರೆ. ದೊಡ್ಡವಳಿಗೂ ಚಿಕ್ಕವನಿಗೂ ಚಿಕ್ಕಮ್ಮನ ಆಶೀರ್ವಾದ. ದೇವರು ಅವರಿಗೆ ಆಯಸ್ಸು ಕೊಡಲಿ, ನೋಡಿ ನಡೆಯುವ ಬುದ್ಧಿಯನ್ನೂ ಕೊಡಲಿ. ಭಾವನಿಗೆ ನಮಸ್ಕಾರ.

ನಿನ್ನ
ತಂಗಿ

ತಾ.ಕ.: ಕವರಿಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಇಷ್ಟನ್ನು ಭಾವನಿಗೂ ಓದಿ ಹೇಳಬೇಡ. ಆ ಯಂತ್ರಕ್ಕೆ ಒಂದು ಮುಚ್ಚಳವಿದೆ. ಅದು ತೆರೆದಿದ್ದರೆ ಯಾರು ಸ್ವಿಚ್ಚು ಒತ್ತಿದರೂ ತಿರುಗದಂತೆ ಒಳಗೊಂದು ತಡೆ ಇರುತ್ತದಂತೆ. ತೊಳೆಯುವ ಕೆಲಸ ನಿಧಾನವಾಗುತ್ತದೆ ಎಂದು ಮಾಲೀಕರು ಕೇಳಿದ್ದಕ್ಕೆ ಆ ತಡೆಯನ್ನು ಬಿಚ್ಚಿಕೊಟ್ಟವರು ನಮ್ಮನೆಯವರು. ಮಗ ಅಲ್ಲಿ ಸೇರುವುದಕ್ಕೂ ಮೊದಲು. ಉದ್ದಣ್ಣ ಹೋದ ಮೇಲೆ, ನಾನು ಕೇಳದೆ, ಇವರೇ ಹೇಳಿದರು. ಹೇಳಿ, “ಅವನಿಗೆ ಹೇಳಿದ್ಯಲ್ಲ, ನನಗೂ ಹಾಗೇ ಹೇಳು” ಅಂದರು. ನೀವೇ ಮಾಡಿದ್ದು ಎಂದರೆ ಅದರ ಹಿಂದೆಯೇ ಕ್ಷಮಿಸಿದ್ದೇನೆ ಎನ್ನಬೇಕು. ಅದು ನನ್ನ ಬಾಯಿಂದ ಬರುವಂತಿರಲಿಲ್ಲ. ಎಲ್ಲ ದೇವರ ಇಚ್ಛೆ, ಬಿಡಿ ಅಂದೆ. ಇವರು ಹೌದು ಅಂದರು.