ಆಮೆಯ ತಲೆಗೆ ಭಂಡಾರ

ಬಶೀರಾಬಾದ್, ೧೬ ನವೆಂಬರ್ ೨೦೨೫, ಭಾನುವಾರ

ಬೆಳಿಗ್ಗೆ ಅವ್ವನ ಮೇಲೆ ರೇಗಿದ್ದು ಇನ್ನೂ ಚುಚ್ಚುತ್ತಿದೆ. ಮಲ್ಲಯ್ಯನ ಪೂಜೆ ಮುಗಿಸಿದವಳೇ, ನಾನು ಅಭ್ಯಾಸಕ್ಕೆಂದು ಕಾಲೇಜಿನಿಂದ ತಂದಿಟ್ಟ ಆಮೆಯ ತಲೆಬುರುಡೆಗೂ ಭಂಡಾರದ ಅರಿಸಿನ ಹಚ್ಚಿಬಿಟ್ಟಿದ್ದಳು. “ಗುಡ್ಯಾಗ ಕಲ್ಲಿನ ಆಮಿಗಿ ಕೈ ಮುಗಿತೀ, ಖರೇ ಆಮಿ ಮನಿಗಿ ಬಂದ್ರ ಸುಮ್ ಕುಂದ್ರಬೇಕೇನು?”

ಮೊಸಳೆಯ ಬುರುಡೆಯಲ್ಲಿ ಕಣ್ಣಿನ ಹಿಂದೆ ಎರಡು ಕಿಂಡಿ, ನಮ್ಮ ಕುರಿಗೆ ಒಂದು. ಆಮೆಗೆ ಒಂದೂ ಇಲ್ಲ. ಹಾಗಾದರೆ ಆಮೆ ಯಾರ ಬಳಗ? ಮೂಳೆಗಳು ಕೂಡಿದ ಜಾಗ ನೋಡಿ ಹುಡುಕಬೇಕು. ಅದೇ ಕಾಣದೆ ವಾರವಿಡೀ ಕಣ್ಣು ನೋಯಿಸಿಕೊಂಡಿದ್ದೆ.

ಈಗ ಬ್ರಷ್ಷಿನಿಂದ ಅರಿಸಿನ ಉದುರಿಸಿದೆ. ಎಲ್ಲ ಹೋಯಿತು, ಕಣ್ಣಿನ ಹಿಂದೆ ಮಾತ್ರ ಕೂದಲೆಳೆಯಷ್ಟು ಹಳದಿ ಗೆರೆ ಉಳಿದಿದೆ! ಎರಡು ಮೂಳೆ ಕೂಡಿದ್ದು ಅಲ್ಲೇ.

ಅವ್ವ ಹಚ್ಚಿದ್ದು ಎಡಗಡೆಗಷ್ಟೇ. ಭಂಡಾರದ ಚೀಲ ಎಲ್ಲಿಟ್ಟಿದ್ದಾಳೋ, ಕೇಳೋಣವೆಂದರೆ ಮಲಗಿಬಿಟ್ಟಿದ್ದಾಳೆ…