ಮಾವನವರ ಫಿಯಟ್, ನಿನ್ನ ಕಾಫಿ

ಯಸಳೂರು
೧೨ ಮಾರ್ಚ್ ೨೦೨೫, ಬುಧವಾರ

ಪ್ರೀತಿಯ ಮಣಿ,

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಜೇಬಿನಲ್ಲಿ ಫೋನಿಟ್ಟುಕೊಂಡು ಇದೇನು ಹೊಸ ವೇಷ ಎಂದು ನೀನು ನಗಬಹುದು. ಫೋನಿನಲ್ಲೇ ಹೇಳೋಣ ಎಂದು ನೋಡಿದೆ. ನೀನು ಊಟ ಆಯಿತಾ ಎಂದು ಕೇಳಿದ ತಕ್ಷಣ ನನ್ನ ಬಾಯಿ ಕಟ್ಟಿಹೋಗುತ್ತದೆ. ಹಾರ್ನಿನ ವಿಷಯ, ಬ್ರೇಕಿನ ವಿಷಯ ಮಾತಾಡಿ ಇಟ್ಟುಬಿಡುತ್ತೇನೆ. ಸಾಲದ್ದಕ್ಕೆ ನಿನ್ನ ತಮ್ಮನ ಮನೆಯಲ್ಲಿ ಯಾರ ಫೋನು ಬಂದರೂ ಸ್ಪೀಕರಿಗೆ ಹಾಕುತ್ತೀರಿ. ಅಭಿಲಾಷ, ಶೃತಿ, ಅತ್ತೆ, ಎಲ್ಲರಿಗೂ ಕೇಳಿಸುತ್ತದೆ. ಈ ಮಾತು ಮೊದಲು ನಿನಗೊಬ್ಬಳಿಗೇ ಗೊತ್ತಾಗಬೇಕು.

ಇಲ್ಲಿ ಹಸು, ನಾಯಿ, ನಾನು ಎಲ್ಲರೂ ಸುಖವಾಗಿದ್ದೇವೆ. ನಿಮ್ಮಪ್ಪನ ಫಿಯಟ್ ಕೂಡ ಸುಖವಾಗಿದೆ. ಮೊನ್ನೆ ಪೇಟೆಯವರೆಗೂ ಹೋಗಿ, ಯಾರ ಕೈಯಲ್ಲೂ ತಳ್ಳಿಸಿಕೊಳ್ಳದೆ ವಾಪಸು ಬಂತು. ಭಾನುವಾರ ಅಭಿಲಾಷನ ಮಗುವಿನ ನಾಮಕರಣಕ್ಕೆ ನಾನು ಅದನ್ನು ಕೆ. ಹೊಸಕೋಟೆಗೆ ಓಡಿಸಿಕೊಂಡು ಬರುತ್ತೇನೆ, ತಾತನ ಕಾರಿನಲ್ಲಿ ಮಗುವನ್ನು ಒಂದು ಸುತ್ತು ಹಾಕಿಸೋಣ ಎಂದು ನೀನು ಊರಿಗೆಲ್ಲ ಹೇಳಿಟ್ಟಿದ್ದೀಯ. ನನ್ನ ಗಂಡ ಕೈಯಾರೆ ಕಟ್ಟಿದ ಕಾರು ಎಂದು ಹೇಳಿಕೊಂಡಿದ್ದೀಯಂತೆ. ಕಾರು ಬರಬೇಕೋ ಬೇಡವೋ ಎನ್ನುವುದನ್ನು ಇದನ್ನೆಲ್ಲ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ಈ ಕೆಲಸಕ್ಕೆ ನಾನು ಕೈ ಹಾಕಿದ್ದು ನಿನಗಾಗಿಯೇ, ಇದೊಂದು ಸುಳ್ಳಲ್ಲ. ನಿನ್ನ ತವರಿನ ಕೊಟ್ಟಿಗೆಯ ಮೂಲೆಯಲ್ಲಿ ಹಿಂದಿನ ಸೀಟಿನ ಮೇಲೆ ಕೋಳಿಗಳು ಕಾವಿಗೆ ಕೂತಿದ್ದ ಆ ಕಾರನ್ನು ನೋಡಿ ನೀನು ಹೋದಾಗಲೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದೆ. ನಾನು ಲಾರಿಗೆ ಹಾಕಿಸಿಕೊಂಡು ಬಂದೆ. ಸ್ಟೆಪ್ನಿ ಬದಲಾಯಿಸುವುದು ಬಿಟ್ಟರೆ ನನಗೆ ಏನು ಗೊತ್ತಿತ್ತು? ಕಚ್ಚಿಕೊಂಡಿದ್ದ ಎಂಜಿನ್ನಿಗೆ ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು, ದಿನಾ ಬೆಳಿಗ್ಗೆ ಹ್ಯಾಂಡಲ್ ಹಾಕಿ ಅಲ್ಲಾಡುತ್ತದಾ ಎಂದು ನೋಡುವುದೇ ಒಂದು ಪೂಜೆಯಾಗಿತ್ತು. ಬ್ರೇಕು ಬಿಚ್ಚಿ ಮತ್ತೆ ಜೋಡಿಸಿದಾಗ ಕೈಯಲ್ಲಿ ಒಂದು ಸ್ಪ್ರಿಂಗ್ ಉಳಿದಿತ್ತು. ನೀನು ಅದನ್ನು ದೇವರ ಗೂಡಿನಲ್ಲಿಟ್ಟು, ಇವರನ್ನು ಇನ್ನು ನೀನೇ ಕಾಯಬೇಕು ಎಂದೆ. ಹಾರ್ನ್ ಒತ್ತಿದರೆ ವೈಪರ್ ತಿರುಗಿದ ದಿನ ನೀನೂ ಕೆಂಚಮ್ಮನೂ ಕಣದ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಿಮ್ಮಿಬ್ಬರ ಆ ನಗು ಈಗ ಬಹಳ ನೆನಪಾಗುತ್ತದೆ.

ನೀವಿಬ್ಬರು ನಕ್ಕಿದ್ದೂ ಕೂಡಿಯೇ, ದುಡಿದದ್ದೂ ಕೂಡಿಯೇ. ತೋಟದಲ್ಲಿ ಹಲಸಿನ ಮರವಿರುವ ತುಂಡಿನಲ್ಲಿ ಕಾಫಿ ಗಿಡ ನೆಟ್ಟ ದಿನದಿಂದಲೂ ಕೆಂಚಮ್ಮ ಕೆಲಸಕ್ಕೆ ನಿನ್ನ ಜೊತೆ ಇದ್ದಳು. ಈ ಸಲ ನೀನು ಅಲ್ಲಿನ ಅರೇಬಿಕಾ ಕಾಫಿಯನ್ನು ಬೇರೆಯಾಗಿಯೇ ಕುಯ್ಯಿಸಿದೆ. ಕೆಂಪಗೆ ಹಣ್ಣಾದದ್ದು ಮಾತ್ರ. ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿ, ತೊಳೆದು, ಬಲೆಯ ಮೇಲೆ ಹರಡಿ, ಮಗುವಿಗೆ ಎಣ್ಣೆ ಹಚ್ಚುವವರ ಹಾಗೆ ಇಬ್ಬರೂ ಕೈಯಾಡಿಸಿ ಆಡಿಸಿ ಒಣಗಿಸಿದಿರಿ. ಯಾರ ಕಾಫಿಯ ಜೊತೆಗೂ ಬೆರೆಸದೆ ನಿನ್ನ ಹೆಸರಿನಲ್ಲೇ ಮಾರಿಸಿಕೊಡುತ್ತೇನೆ ಎಂದು ಸಕಲೇಶಪುರದ ವ್ಯಾಪಾರಿ ರಿಯಾಜ್ ಮಾತು ಕೊಟ್ಟಿದ್ದ. ಕಾರಿನ ತಳಕ್ಕೆ ತಂದ ತಗಡಿನಲ್ಲಿ ಉಳಿದ ತುಂಡನ್ನು ಕತ್ತರಿಸಿ, ಚೀಲದ ಮೇಲೆ ‘ಗಂಗಾಮಣಿ, ಯಸಳೂರು’ ಎಂದು ಮಸಿ ಬಳಿಯಲು ನಾನೇ ಅಚ್ಚು ಮಾಡಿಕೊಟ್ಟೆ. ಅದನ್ನು ನೀನು ಎಷ್ಟು ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ!

ಈಗ ಹೇಳಬೇಕಾದದ್ದು. ಕಾರಿಗೆ ಬಣ್ಣ ಹೊಡೆದದ್ದು ಶೆಡ್ಡಿನಲ್ಲಿ ಎಂದು ನಾನು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಹೊಡೆದದ್ದು ಕಾಫಿ ಸ್ಟೋರಿನೊಳಗೆ.

ಶೃತಿಯ ಹೆರಿಗೆಗೆಂದು ನೀನು ಜನವರಿಯಲ್ಲಿ ತವರಿಗೆ ಹೋಗಿದ್ದೆ. ನೀನು ಬರುವಷ್ಟರಲ್ಲಿ ಕಾರು ನಿಮ್ಮಪ್ಪನ ಕಾಲದ ಅದೇ ತಿಳಿಹಸಿರು ಬಣ್ಣದಲ್ಲಿ ಅಂಗಳದಲ್ಲಿ ನಿಂತಿರಬೇಕು ಎಂದು ನನಗೆ ಹುಚ್ಚು ಹಿಡಿಯಿತು. ನಾನು ನೋಡುತ್ತಿದ್ದ ವೀಡಿಯೋದವನು, ಧೂಳು ಬಾರದ, ಬಾಗಿಲು ಮುಚ್ಚಿದ ಕೋಣೆ ಬೇಕು ಎಂದು ಹೇಳಿ ಹೇಳಿ ತಲೆ ತಿಂದ. ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ? ಶೆಡ್ಡಿಗೆ ಮೂರೇ ಗೋಡೆ, ಎದುರಿಗೇ ಕಣ. ಸ್ಟೋರ್ ಒಂದೇ ಗಟ್ಟಿಯಾಗಿ ಮುಚ್ಚುವ ಕೋಣೆ. ನಿನ್ನ ಚೀಲಗಳನ್ನು ಒಂದು ಮೂಲೆಗೆ ಒತ್ತಿ, ಟಾರ್ಪಾಲು ಹೊದಿಸಿ, ಕಾರನ್ನು ಒಳಗೆ ತಳ್ಳಿಸಿದೆ. ತಳ್ಳಿದವರಲ್ಲಿ ಕೆಂಚಮ್ಮನೂ ಇದ್ದಳು. ಚೀಲಗಳನ್ನು ಮನೆಯ ಒಳಕ್ಕೆ ಸಾಗಿಸೋಣವಾ ಅಯ್ಯಾ ಎಂದು ಅವಳು ಕೇಳಿದಳು. ಬೇಡ, ಒಂದು ದಿನದ ಕೆಲಸ ಎಂದೆ.

ಗೊತ್ತಿಲ್ಲದೆ ಮಾಡಿದೆ ಎಂದು ಬರೆಯಲು ಹೊರಟಿದ್ದೆ. ಅದೂ ಸುಳ್ಳಾಗುತ್ತಿತ್ತು. ಕಾಫಿ ವಾಸನೆ ಹಿಡಿಯುತ್ತದೆ, ಚೀಲದ ಪಕ್ಕ ಈರುಳ್ಳಿ ಕೂಡ ಇಡಬಾರದು ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ಬಣ್ಣವೇ ಹೆಚ್ಚಾಯಿತು. ಮೊದಲ ಸಲ ಹೊಡೆದದ್ದು ಸೋರಿ ಇಳಿಯಿತು. ಉಜ್ಜಿ ತೆಗೆದು ಮತ್ತೆ ಹೊಡೆದೆ. ಥಿನ್ನರ್ ವಾಸನೆಗೆ ನನಗೇ ತಲೆ ಸುತ್ತಿ ಬಂತು. ಆಗಲೂ ಟಾರ್ಪಾಲಿನ ಕೆಳಗೆ ಏನಾಗುತ್ತಿದೆ ಎಂದು ಎತ್ತಿ ನೋಡಲಿಲ್ಲ. ಆಮೇಲೆ ಕಿಟಕಿ ಬಾಗಿಲು ತೆಗೆದು, ಸಾಂಬ್ರಾಣಿ ಹಾಕಿ, ನೀನು ಬರುವಷ್ಟರಲ್ಲಿ ವಾಸನೆ ಹೋಗಿತ್ತು. ನೀನು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಅಪ್ಪ ಬಂದ ಹಾಗಾಯಿತು ಎಂದು ಅತ್ತುಬಿಟ್ಟೆ. ನಾನು ಗೆದ್ದೆ ಎಂದುಕೊಂಡೆ.

ಸ್ಯಾಂಪಲ್ ಒಯ್ದಿದ್ದ ರಿಯಾಜ್ ಫೋನು ಮಾಡದೆ ತಾನೇ ಬಂದ. ಅವನು ಜಗಲಿಯಲ್ಲಿ ಕೂತು, ನೀನು ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದ:

“ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಬೀಜ ನೋಡಕ್ಕೆ ಭಾಳ ಚೆಂದ ಐತೆ. ಕುಡುದ್ರೆ ಮಾತ್ರ ಏನೋ ಎಣ್ಣೆ ವಾಸನೆ ಬರ್ತೈತೆ. ನಿಮ್ ಹೆಸ್ರು ಹಾಕಿ ಇದನ್ನ ಯಾರಿಗೂ ಕೊಡಕ್ಕಾಗಲ್ಲ.”

ನೀನು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದೆ. ಆರೋಪ ಹೊರಿಸುವ ನೋಟವಲ್ಲ ಅದು, ಯಾಕೆ ಹೀಗಾಯಿತು ಎಂದು ಗಂಡನನ್ನು ಕೇಳುವ ನೋಟ, ಅಷ್ಟೇ. ನಾನು ಹೆದರಿಬಿಟ್ಟೆ ಮಣಿ. ಪಲ್ಪರ್ ಎಂಜಿನ್ನಿನ ಡೀಸೆಲ್ ಕ್ಯಾನನ್ನು ಕೆಂಚಮ್ಮ ಸ್ಟೋರಿನಲ್ಲೇ ಇಡುತ್ತಿದ್ದಳೋ ಏನೋ ಎಂದು ನನ್ನ ಬಾಯಿಂದ ಬಂತು. ‘ಏನೋ’ ಎಂದು ಸೇರಿಸಿದ್ದೆನಲ್ಲ, ನಾನೇನು ಖಂಡಿತ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ನಾಚಿಕೆಗೇಡಿನ ಸಮಾಧಾನ!

ನೀನು ಕೂಗಾಡುವವಳಲ್ಲ. ಮರುದಿನ ಬೆಳಿಗ್ಗೆ ಕೆಂಚಮ್ಮ ಬಂದಾಗ ಅವಳನ್ನು ಅಂಗಳದ ಆಚೆಯೇ ನಿಲ್ಲಿಸಿ, ನಾಳೆಯಿಂದ ಬರಬೇಡ ಎಂದೆ. ಅವಳು ಇಲ್ಲ ಅಮ್ಮಾ ಎಂದದ್ದನ್ನು ನೀನು ನಂಬಲಿಲ್ಲ, ಯಾಕೆಂದರೆ ನನ್ನನ್ನು ನಂಬಿದ್ದೆ. ಅವಳು ನನ್ನ ಕಡೆ ಒಂದು ಸಲ ನೋಡಿದಳು. ನಾನು ಒಳಗೆ ಹೋಗಿಬಿಟ್ಟೆ.

ಊರಲ್ಲಿ ಮಾತು ನಿಲ್ಲುತ್ತದೆಯೇ. ಈಗ ಅವಳಿಗೆ ‘ಡೀಸೆಲ್ ಕೆಂಚಮ್ಮ’ ಎಂದು ಹೆಸರಾಗಿದೆ. ಹತ್ತಿರದ ಯಾವ ತೋಟದವರೂ ಅವಳನ್ನು ಸ್ಟೋರಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಎದ್ದು ಜೀಪು ಹತ್ತಿ, ಹಾನುಬಾಳಿನ ಕಡೆಯ ಒಂದು ಎಸ್ಟೇಟಿಗೆ ಕಳೆ ಕೀಳಲು ಹೋಗುತ್ತಾಳೆ. ಕಾಫಿ ಬೀಜ ಕಚ್ಚಿ ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದವಳು.

ಕಳೆದ ತಿಂಗಳು ನೀನು ಪೇಟೆಗೆ ಹೋಗಿದ್ದಾಗ ಅವಳು ಒಮ್ಮೆ ಬಂದಿದ್ದಳು. ನಾನು ಕಾರಿನ ಅಡಿಯಲ್ಲಿ ಮಲಗಿ ಸೈಲೆನ್ಸರ್ ಬಿಗಿಯುತ್ತಿದ್ದೆ. ನನಗೆ ಕಾಣಿಸಿದ್ದು ಅವಳ ಪಾದಗಳು ಮಾತ್ರ.

“ಅಯ್ಯಾ, ನಾನು ಕ್ಯಾನ್ ಒಳೀಕೆ ಇಟ್ಟಿಲ್ಲ ಅಂತ ನಿಮ್ಗೆ ಗೊತ್ತೈತೆ. ಅಮ್ಮಾರಿಗೆ ಒಂದ್ ಮಾತು ಹೇಳ್ಬುಡಿ.”

ಹೇಳುತ್ತೇನೆ, ನೀನು ಹೋಗು ಎಂದೆ. ಈಚೆಗೆ ಬರಲೂ ಇಲ್ಲ. ಆ ಪಾದಗಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಆಮೇಲೆ ಹೋದವು. ನಾನು ಆಗಲೇ ಬಿಗಿಯಾಗಿದ್ದ ನಟ್ಟನ್ನು ಮತ್ತೆ ಮತ್ತೆ ಬಿಗಿಯುತ್ತಾ ಮಲಗಿದ್ದೆ.

ಹೀಗೇ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಕಳೆದ ಭಾನುವಾರ ಫೋನಿನಲ್ಲಿ ನೀನು, ಹಲಸಿನ ಮರದ ತುಂಡನ್ನು ಮುಂದಿನ ವರ್ಷ ಗುತ್ತಿಗೆಗೆ ಕೊಟ್ಟುಬಿಡೋಣ, ಕೆಲಸದವರನ್ನು ನೋಡಿಕೊಳ್ಳುವುದಕ್ಕೇ ಬಾರದವಳು ನಾನು, ನನಗ್ಯಾಕೆ ಹೆಸರು ಹಾಕಿ ಮಾರುವ ದುರಾಸೆ ಎಂದೆ. ಆ ಮಾತು ಹೇಳಿ ನೀನು ನಕ್ಕೆ ಬೇರೆ. ಕೆಂಚಮ್ಮನ ಹೆಸರು ಕೆಡಿಸಿದ್ದಲ್ಲದೆ ನಿನಗೆ ನಿನ್ನ ಮೇಲಿದ್ದ ನಂಬಿಕೆಯನ್ನೂ ಕೆಡಿಸಿದ್ದೇನೆ ಎಂದು ಆಗ ತಿಳಿಯಿತು. ನಿನ್ನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಮಣಿ. ಆ ಬೀಜ ಚೆನ್ನಾಗಿತ್ತು.

ನಿನ್ನೆ ಸಂಜೆ ಕೆಂಚಮ್ಮನ ಮನೆಗೆ ಹೋದೆ. ನಡೆದುಕೊಂಡೇ ಹೋದೆ, ಆ ಕಾರಿನಲ್ಲಿ ಅವಳ ಬಾಗಿಲಿಗೆ ಹೋಗುವ ಮುಖ ಇರಲಿಲ್ಲ. ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಕಾರು ತಳ್ಳಿದವಳು ಅವಳೇ ಅಲ್ಲವೇ. ಹಾಗಾದರೆ ಅಮ್ಮನಿಗೆ ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾನ್ ಹೇಳಿದ್ರೆ ತಪ್ಪುಸ್ಕಳಕ್ಕೆ ಅಯ್ಯಾರ ಮ್ಯಾಲೆ ಹಾಕ್ತಾವ್ಳೆ ಅನ್ನೋರು. ನೀವು ಹೇಳ್ತೀರಿ ಅಂತ ಕಾದೆ. ಹೇಳ್ತೀನಿ ಅಂದಿದ್ರಲ್ಲ.”

ಅಷ್ಟೇ ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ನೀನು ನನ್ನನ್ನು ಏನು ಬೇಕಾದರೂ ಅನ್ನು ಮಣಿ. ಅಲ್ಲಿ ಕೂತಿರುವವರ ಎದುರಿಗೇ ಅನ್ನು, ಸ್ಪೀಕರಿಗೆ ಹಾಕಿಯೇ ಅನ್ನು. ಪೇಟೆಯವರಿಗೂ ರಿಯಾಜನಿಗೂ ನಡೆದದ್ದನ್ನು ನಾನೇ ಹೇಳುತ್ತೇನೆ. ಗುತ್ತಿಗೆಯ ಮಾತು ಮಾತ್ರ ಬಿಡು. ತುಂಡಿನಲ್ಲಿ ಹೂವು ಅರಳಿದೆ. ನಿನ್ನ ಹೆಸರಿನ ಅಚ್ಚನ್ನು ತಿಕ್ಕಿ ಎಣ್ಣೆ ಹಚ್ಚಿ ಮನೆಯೊಳಗೆ ಇಟ್ಟಿದ್ದೇನೆ, ಸ್ಟೋರಿನಲ್ಲಲ್ಲ.

ಭಾನುವಾರ ನಾನು ಬಸ್ಸಿಗೆ ಬರಲೋ, ಕಾರಿಗೆ ಬರಲೋ, ಬಾರದೆಯೇ ಇರಲೋ, ನೀನು ಹೇಳಿದಂತೆ.

ನಿನ್ನ ಮುಖ ನೋಡಿ ಹೇಳಲಾರದ,
ದೇವೀರಪ್ಪ

ಮರೆತ ಮಾತು: ಇದನ್ನು ಅಂಚೆಗೆ ಹಾಕಿಲ್ಲ. ಈ ಕಾಗದ ತಂದಿರುವವಳು ಕೆಂಚಮ್ಮ. ನೀವು ಹಾಕ್ತೀನಿ ಅಂತೀರಿ, ಹಾಕಲ್ಲ, ಅಮ್ಮಾರು ಓದುವಾಗ ನಾನು ಎದುರಿಗೇ ಇರಬೇಕು ಎಂದು ಹಟ ಹಿಡಿದಳು. ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದೆ. ಆ ಕಾರು ಹತ್ತುವುದಿಲ್ಲ ಎಂದು ಬಸ್ಸಿಗೇ ಹೊರಟು ನಿಂತಿದ್ದಾಳೆ. ಈಗಷ್ಟೇ ಇದೆಲ್ಲವನ್ನೂ ಅವಳಿಗೆ ಓದಿ ಹೇಳಿದೆ. ಸೊಪ್ಪಿನ ಮಾತು ಬರೆದ ಜಾಗದ ಕೆಳಗೆ ಒಂದು ಸಾಲು ಕಪ್ಪಗೆ ಹೊಡೆದು ಹಾಕಿರುವುದು ನಿನಗೆ ಕಾಣಿಸಿರಬೇಕು. ಅಲ್ಲಿ ನಾನು ‘ಕೆಂಚಮ್ಮ ದೊಡ್ಡ ಮನಸ್ಸು ಮಾಡಿ ನನ್ನನ್ನು ಕ್ಷಮಿಸಿದಳು’ ಎಂದು ಬರೆದಿದ್ದೆ. ಅದನ್ನು ಕೇಳಿ ಅವಳು, “ನಾನ್ಯಾವಾಗ ಹಂಗಂದೆ ಅಯ್ಯಾ?” ಎಂದಳು. ಹೊಡೆದು ಹಾಕಿದೆ. ಇದನ್ನು ಓದುವವರೆಗೆ ಅವಳನ್ನು ನೀನು ಅಂಗಳದಲ್ಲೇ ನಿಲ್ಲಿಸಿರುತ್ತೀಯ. ಒಳಗೆ ಕರೆದು ಕೂರಿಸು.